ಊರಿನ ಸುದ್ದಿಯೂ ಇರುವ ಊರಿನ ಸುದ್ದಿಯೂ

ಮಧ್ಯಾಹ್ನದ ಊಟದ ಗಿರಾಕಿಗಳೆಲ್ಲ ತೆರಳಿದ ಮೇಲೆ, ಸಂಜೆಯ ಚಹದ ಗದ್ದಲ ಮೊದಲಾಗುವುದಕ್ಕೆ ಮುಂಚೆ, ನಮ್ಮ ಹೋಟೆಲುಗಳಿಗೆ ಒಂದು ಗಳಿಗೆಯ ಬಿಡುವು ದೊರೆಯುತ್ತದೆ. ಆ ಬಿಡುವಿನ ಬೆಲೆ ನಸುಕಿನ ನಾಲ್ಕು ಗಂಟೆಗೆ ಎದ್ದು ಒಲೆ ಹಚ್ಚಿದವರಿಗೆ ಮಾತ್ರ ಗೊತ್ತು. ಬೆನ್ನು ನೆಲಕ್ಕೆ ತಾಗಿದರೆ ಸಾಕೆಂದು ಹಂಬಲಿಸುವ ಆ ಹೊತ್ತಿನಲ್ಲಿಯೂ ನಮ್ಮವರು ಮಲಗದೆ ಕುಳಿತು ಒಂದು ಕೆಲಸವನ್ನು ಮಾಡುತ್ತಿದ್ದರು. ಅಟ್ಟದ ಮೇಲೆ ಒಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದುವರು, ಉಳಿದವರು ಕೇಳುವರು, ಓದಿ ಮುಗಿದ ಮೇಲೆ ಮಾತು ನಡೆಯುವುದು. ಆ ಮಾತಿನ ವಿಷಯವಾಗಿ ನಾನು ಈ ದಿನ ವಾಚಕರಲ್ಲಿ ಕೆಲವು ಸಂಗತಿಗಳನ್ನು ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ.

1969ರಲ್ಲಿ, ನನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ, ನಾನು ಮುಂಬಯಿಯ ಕೋಟೆ ಪ್ರದೇಶದ ಒಂದು ಹೋಟೆಲಿನಲ್ಲಿ ಮೇಜು ಒರೆಸುವ ಹುಡುಗನಾಗಿ ಸೇರಿಕೊಂಡೆನು. ಊರ ಕಡೆಯ ಪತ್ರಿಕೆ ಆಗ ಒಂದೆರಡು ದಿನ ತಡವಾಗಿ ಕೈಸೇರುತ್ತಿದ್ದಿತು. ತಡವಾಯಿತೆಂದು ಯಾರೂ ಮುಖ ಸಿಂಡರಿಸುತ್ತಿರಲಿಲ್ಲ. ಹಳಸದ ಪದಾರ್ಥವೆಂದರೆ ಸುದ್ದಿಯೊಂದೇ ಎಂದು ನಮ್ಮ ಅಡಿಗೆಯ ಭಟ್ಟರು ಹೇಳುತ್ತಿದ್ದರು. ಹನ್ನೊಂದು ಮಂದಿಗೆ ಒಂದೇ ಪತ್ರಿಕೆ. ಆ ಹನ್ನೊಂದು ಮಂದಿಯಲ್ಲಿ ತಡವರಿಸದೆ ಓದಬಲ್ಲವರು ಮೂವರು. ತಮ್ಮತಮ್ಮೊಳಗೆ ಆಡಿಕೊಳ್ಳುವುದು ತುಳು, ಕೊಂಕಣಿ, ಕುಂದಾಪುರದ ಕನ್ನಡ. ಕೇಳುವುದು ಮಾತ್ರ ಪತ್ರಿಕೆಯ ಕನ್ನಡ. ಭಟ್ಟರು ಓದುತ್ತಿದ್ದಂತೆ ಗಲ್ಲಾದಲ್ಲಿ ಕೂರುವ ಹಿರಿಯರು ನಡುನಡುವೆ ಕೈಯೆತ್ತಿ, “ನಿಲ್ಲಿಸಿ ಭಟ್ರೇ, ಅದರ ಅರ್ಥ ಹೇಳಿ, ಮಕ್ಕಳಿಗೆ ತಿಳಿಯಲಿಲ್ಲ” ಎನ್ನುವರು. ತಮಗೇ ತಿಳಿಯಲಿಲ್ಲವೆಂದು ಅವರು ಎಂದೂ ಒಪ್ಪಿಕೊಂಡವರಲ್ಲ.

ಈ ಪದ್ಧತಿ ನಮ್ಮವರಿಗೆ ಎಲ್ಲಿಂದ ಬಂದಿತೆಂದು ಬೇರೆ ಹುಡುಕಬೇಕಾಗಿಲ್ಲ. ಈ ನಗರದ ಶನಿಮಂದಿರಗಳಲ್ಲಿ ಶನಿಮಹಾತ್ಮೆಯ ಪಾರಾಯಣಕ್ಕೆ ಕುಳಿತವರೆಲ್ಲರೂ ಬಲ್ಲರು. ಗ್ರಂಥವನ್ನು ವಾಚಿಸುವವರು ಒಬ್ಬರು, ಅದರ ಅರ್ಥವನ್ನು ಬಿಡಿಸಿ ಹೇಳುವವರು ಮತ್ತೊಬ್ಬರು. ತಾಳಮದ್ದಳೆಯಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಭಾಗವತರ ಪದ್ಯ ಮುಗಿದೊಡನೆ ಅರ್ಥಧಾರಿ ತನ್ನ ಪಕ್ಷವನ್ನು ಸಾಧಿಸುತ್ತಾನೆ. ಎದುರು ಕುಳಿತ ಅರ್ಥಧಾರಿ ಅದನ್ನು ಖಂಡಿಸುತ್ತಾನೆ. ಕೃಷ್ಣನ ಮಾತನ್ನು ಕೌರವನು ಕೇಳಿ ಸುಮ್ಮನಿದ್ದರೆ ಅದು ಪ್ರಸಂಗವಾಗಲಾರದು. ನಮ್ಮ ಅಟ್ಟದ ಮೇಲಿನ ಸುದ್ದಿಯ ಸಭೆಯೂ ಹಾಗೆಯೇ ಇದ್ದಿತು. ಭಟ್ಟರು ಒಂದು ಪಕ್ಷ, ಗಲ್ಲಾದವರು ಇನ್ನೊಂದು ಪಕ್ಷ. ಚಹದ ನೀರು ಕುದಿಯುವವರೆಗೆ ಯಾರೂ ಗೆಲ್ಲುತ್ತಿರಲಿಲ್ಲ.

ಆ ಸುದ್ದಿಗಳಾದರೂ ಎಂತಹವು? ಮಳೆ ಹಿಡಿಯಿತೇ ಇಲ್ಲವೇ, ಅಡಕೆಗೆ ಧಾರಣೆ ಏರಿತೇ ಇಳಿಯಿತೇ, ಯಾವ ಮೇಳ ಎಲ್ಲಿ ಆಟ ಕಟ್ಟಿತು, ಯಾವ ಹೊಳೆಗೆ ಸೇತುವೆ ಆಯಿತು. ಪರವೂರಿನಲ್ಲಿ ದುಡಿಯುವವನಿಗೆ ಇವು ಸಣ್ಣ ಸಂಗತಿಗಳಲ್ಲ. ಇನ್ನೊಂದು ವಿಷಯವನ್ನೂ ಇಲ್ಲಿ ನೆನೆಯಬೇಕು. 1956ರ ನವೆಂಬರ 1ರವರೆಗೆ ಕನ್ನಡಿಗರಿಗೆ ಒಂದೇ ರಾಜ್ಯವೆಂಬುದು ಇರಲಿಲ್ಲವಷ್ಟೆ. ದಕ್ಷಿಣ ಕನ್ನಡದವನು ಮದರಾಸು ಪ್ರಾಂತದ ಪ್ರಜೆ. ಗುಲಬರ್ಗ, ರಾಯಚೂರು, ಬೀದರದವನು ಹೈದರಾಬಾದಿನ ಪ್ರಜೆ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳವರಿಗೆ ಈ ಮುಂಬಯಿಯೇ ರಾಜಧಾನಿ. ಕಾರವಾರದಿಂದ ಬಂದ ಗುಮಾಸ್ತನು ಸ್ವಂತ ರಾಜಧಾನಿಗೆ ಬಂದವನಾದರೆ, ಅವನ ಪಕ್ಕದಲ್ಲಿ ಕುಳಿತು ಊಟ ಮಾಡುವ ಕಾರ್ಕಳದವನು ಪರರಾಜ್ಯದವನು. ಇಂತಹ ನಾಲ್ಕು ಕಡೆಯ ಜನ ಒಂದು ಪತ್ರಿಕೆಯ ಸುತ್ತ ಕುಳಿತು ಒಬ್ಬರ ಊರಿನ ಸುದ್ದಿಯನ್ನು ಮತ್ತೊಬ್ಬರು ಕೇಳುವುದನ್ನು ಕಲಿತರು. ರಾಜ್ಯ ಒಂದಾದುದು ದಿಲ್ಲಿಯ ಕಾಯಿದೆಯಿಂದ. ಜನ ಒಂದಾದುದು ಇಂತಹ ಅಟ್ಟಗಳ ಮೇಲೆಯೂ ಉಂಟು ಎಂದರೆ ಅತಿಶಯೋಕ್ತಿಯಾಗದೆಂದು ನನ್ನ ಭಾವನೆ.

ಈಗ ನಾನು ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ.

1974ರ ಮಾರ್ಚ 1ರಂದು ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಜಾರಿಗೆ ಬಂದಿತು. ದೇವರಾಜ ಅರಸರ ಸರಕಾರದ ಕಾಲ. ಗೇಣಿಗೆ ಸಾಗುವಳಿ ಮಾಡುತ್ತಿರುವ ಒಕ್ಕಲಿಗೆ ಭೂಮಿಯ ಹಕ್ಕು ದೊರೆಯುವುದೆಂದು ಕಾಯಿದೆ ಹೇಳಿತು; ಆದರೆ ಒಕ್ಕಲು ಸುಮ್ಮನೆ ಕುಳಿತರೆ ಹಕ್ಕು ತಾನಾಗಿ ಮನೆಗೆ ಬರುವುದಿಲ್ಲ, ಏಳನೆಯ ನಮೂನೆಯಲ್ಲಿ ಅರ್ಜಿ ಕೊಡಬೇಕು, ತಾಲೂಕಿನ ಭೂ ನ್ಯಾಯಮಂಡಳಿ ಅದನ್ನು ವಿಚಾರಿಸಬೇಕು. ನಮ್ಮ ಕಡೆ ಅದಕ್ಕೆ ಡಿಕ್ಲರೇಶನ್ ಎಂದೇ ಹೆಸರಾಯಿತು. ಅರ್ಜಿಯ ಗಡುವು ಮುಂದೆ ಮುಂದೆ ಹೋಗಿ ಕೊನೆಗೆ 1979ರ ಜೂನ 30ಕ್ಕೆ ನಿಂತಿತು.

ಆ ಸುದ್ದಿಯನ್ನು ಭಟ್ಟರು ಓದಿದ ದಿನ ನಾನು ಅಟ್ಟದ ಮೇಲಿದ್ದೆನು. ಆ ಹೊತ್ತಿಗೆ ರಾತ್ರಿಶಾಲೆಯಲ್ಲಿ ಕಲಿಯುತ್ತಿದ್ದುದರಿಂದ ಪತ್ರಿಕೆಯ ಕನ್ನಡ ನನಗೆ ಅಷ್ಟಿಷ್ಟು ಹಿಡಿತಕ್ಕೆ ಬಂದಿದ್ದಿತು. ಕೇಳುವವರಲ್ಲಿ ಚಾಲಗೇಣಿಯ ಒಕ್ಕಲಿನ ಮಗನಾದ ಒಬ್ಬ ಸಪ್ಲಾಯರ್ ಇದ್ದನು. ಗಲ್ಲಾದ ಹಿರಿಯರು ಭೂಮಿಯನ್ನು ಗೇಣಿಗೆ ಕೊಟ್ಟ ಮನೆತನದವರು. ಹೊಸ ಕಾಯಿದೆಯಿಂದ ಅವರ ಮನೆಯ ಗದ್ದೆಗಳೇ ಕೈಬಿಡುವುದರಲ್ಲಿದ್ದುವು. ಒಂದೇ ಅಟ್ಟ, ಒಂದೇ ಸಾಲಿನಲ್ಲಿ ಇಬ್ಬರ ಚಾಪೆ. ಹಿರಿಯರು ಸಿಡಿದೆದ್ದರು. ವಿಧವೆಯರ ಭೂಮಿಯ ಗತಿಯೇನು, ಪರವೂರಿಗೆ ದುಡಿಯಲು ಬಂದು ಗದ್ದೆಯನ್ನು ಗೇಣಿಗೆ ಬಿಟ್ಟ ಬಡವನ ಗತಿಯೇನು ಎಂದು ಮೂರು ದಿನ ವಾದಿಸಿದರು. ಅವರ ಮಾತಿನಲ್ಲಿ ಸತ್ಯಾಂಶ ಇರಲಿಲ್ಲವೆಂದು ನಾನು ಹೇಳಲಾರೆ. ಭಟ್ಟರು ಬಿಡಲಿಲ್ಲ, ತಲೆತಲಾಂತರದಿಂದ ಕೆಸರಿನಲ್ಲಿ ನಿಂತವರ ಗತಿಯೇನೆಂದು ಕೇಳಿದರು. ನಾಲ್ಕನೆಯ ದಿನ ಮಧ್ಯಾಹ್ನ ಗಲ್ಲಾದ ಹಿರಿಯರೇ ಆ ಹುಡುಗನನ್ನು ಕರೆದು, “ಎಂತ ಮಾರಾಯ, ಊರಿಗೆ ಕಾಗದ ಬರೆದೆಯಾ ಇಲ್ಲವಾ? ನಿನ್ನ ಅಮ್ಮನಿಗೆ ಓದು ಬಾರದು. ಶಾಲೆಯ ಮಾಸ್ಟ್ರ ಕೈಯಲ್ಲಿ ಅರ್ಜಿ ಬರೆಸಲಿಕ್ಕೆ ಹೇಳು. ತಾರೀಕು ತಪ್ಪಿದರೆ ಹೋಯಿತು” ಎಂದರು. ಹುಡುಗನು ತಲೆ ತಗ್ಗಿಸಿ ನಿಂತಿದ್ದನು. ಅವನಿಗೆ ಕಾಗದ ಬರೆದುಕೊಟ್ಟವನು ನಾನು. ಸರಿಯಾಗಿದೆಯೇ ಎಂದು ಓದಿ ನೋಡಿ, ನ್ಯಾಯಮಂಡಳಿ ಎಂಬ ಶಬ್ದವನ್ನು ತಿದ್ದಿದವರು ಗಲ್ಲಾದವರು.

ಆ ತಾಯಿಗೆ ಒಂದೂ ಕಾಲು ಎಕರೆ ಭೂಮಿ ದೊರೆಯಿತು. ಗಲ್ಲಾದವರು ಅನಂತರವೂ ಆ ಕಾಯಿದೆಯನ್ನು ಬಯ್ಯುವುದನ್ನು ಬಿಡಲಿಲ್ಲ.

ಪತ್ರಿಕೆಯಲ್ಲಿ ಅಚ್ಚಾದ ಸುದ್ದಿ ತಾನಾಗಿ ಆ ತಾಯಿಯ ಬಳಿಗೆ ಹೋಗುತ್ತಿರಲಿಲ್ಲ. ಹುಡುಗನು ತಾನೊಬ್ಬನೇ ಅದನ್ನು ಓದಿದ್ದರೂ ಅದು ತನ್ನ ಸುದ್ದಿಯೆಂದು ಅವನಿಗೆ ಹೊಳೆಯುತ್ತಿತ್ತೋ ಇಲ್ಲವೋ ಸಂದೇಹವೇ. ಮೂರು ದಿನ ನಡೆದ ವಾದದಲ್ಲಿ, ತನಗೆ ವಿರುದ್ಧವಾದ ಪಕ್ಷದವನ ಬಾಯಿಂದಲೇ, ತಾರೀಕಿನ ಮಹತ್ತ್ವ ಅವನ ತಲೆಗೆ ಹೊಕ್ಕಿತು.

ಈಗ ಅಟ್ಟದ ಮೇಲೆ ಹೋಗಿ ನೋಡಿರಿ. ಅಟ್ಟವೂ ಈಗ ಹಿಂದಿನಂತಿಲ್ಲ, ಗಾಳಿಯ ಯಂತ್ರ ಬಂದಿದೆ, ಕೆಲವು ಕಡೆ ಬೇರೆ ಕೋಣೆಯನ್ನೇ ಕೊಡುತ್ತಾರೆ. ಅದು ಸಂತೋಷದ ವಿಷಯ. ಒಬ್ಬೊಬ್ಬರ ಕೈಯಲ್ಲಿಯೂ ಮೊಬೈಲು. ಊರಿನ ದೇವಸ್ಥಾನದ ರಥವು ಬೀದಿಯ ತಿರುವಿನಲ್ಲಿ ತಿರುಗುವುದನ್ನು ಇಲ್ಲಿ ಮಲಗಿಕೊಂಡೇ ನೋಡಬಹುದು. ಯಾರ ಮನೆಯ ಬಾವಿಗೆ ಆಕಳು ಬಿದ್ದರೂ ಅರ್ಧ ಗಂಟೆಯೊಳಗೆ ಸುದ್ದಿ ಬರುತ್ತದೆ. ಆದರೆ ಎಂಟು ಮಂದಿ ಎಂಟು ಗೋಡೆಗಳ ಕಡೆಗೆ ಮುಖ ಮಾಡಿರುತ್ತಾರೆ. ಓದುವವನೂ ಅವನೇ, ಕೇಳುವವನೂ ಅವನೇ, ಅರ್ಥ ಹೇಳುವವನು ಯಾರೂ ಇಲ್ಲ. ಎದುರು ಪಕ್ಷ ಎಂಬುದಂತೂ ಮೊದಲೇ ಇಲ್ಲ. ಬಂದುದನ್ನು ಬಂದ ಹಾಗೆಯೇ ಮುಂದಿನವನಿಗೆ ದಾಟಿಸುವುದೇ ಸುದ್ದಿಯ ವ್ಯವಹಾರವಾಗಿದೆ.

ಇದರ ಫಲವನ್ನು ನಾವು 2020ರಲ್ಲಿ ಉಂಡೆವು. ಮಾರ್ಚ 25ರಿಂದ ದೇಶವೆಲ್ಲ ಮುಚ್ಚಿತು. ಹೋಟೆಲುಗಳ ಒಲೆ ಆರಿತು. ಏಪ್ರಿಲ 14ರಂದು ರೈಲು ಬಿಡುತ್ತಾರಂತೆ ಎಂಬ ಗಾಳಿಸುದ್ದಿಯನ್ನು ನಂಬಿ ಬಾಂದ್ರಾ ನಿಲ್ದಾಣದ ಬಳಿ ಸಾವಿರಾರು ಮಂದಿ ಕೂಡಿದರು. ರೈಲು ಇರಲಿಲ್ಲ, ಪೋಲೀಸರ ಲಾಠಿ ಇದ್ದಿತು. ನಾನಿದ್ದ ಚಾಳಿನಲ್ಲಿಯೂ ದಿನಕ್ಕೊಂದು ಸಂದೇಶ ಬರುತ್ತಿದ್ದಿತು: ನಾಳೆ ಬಸ್ಸು ಉಂಟು, ನಾಡಿದ್ದು ಹಡಗು ಉಂಟು. ಊರಿಗೆ ಹೋಗಲು ಕರ್ನಾಟಕ ಸರಕಾರದ ಸೇವಾ ಸಿಂಧು ಎಂಬ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಿ ಪರವಾನಿಗೆ ಪಡೆಯಬೇಕಾಗಿದ್ದಿತು. ಅದನ್ನು ತಿಳಿದು ಮಾಡಿಕೊಂಡವರು ಮಾಡಿಕೊಂಡರು. ಸಂದೇಶವನ್ನು ನಂಬಿದವರು ಗಂಟು ಕಟ್ಟಿಕೊಂಡು ರಸ್ತೆಯಲ್ಲಿ ಕಾದರು. ಮೇ 18ರಂದು ಮಹಾರಾಷ್ಟ್ರವೂ ಸೇರಿದಂತೆ ನಾಲ್ಕು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಕರ್ನಾಟಕ ಸಾರಿತು.

ಊರಿನ ಮಾತು ಆಗ ಹೇಗೆ ತಿರುಗಿತೆಂಬುದನ್ನು ಮರೆಯುವಂತಿಲ್ಲ. ಆ ದಿನಗಳಲ್ಲಿ ಉಡುಪಿ ಜಿಲ್ಲೆಯಲ್ಲಿ ಪತ್ತೆಯಾದ ರೋಗಿಗಳಲ್ಲಿ ಬಹುಮಂದಿ ಮಹಾರಾಷ್ಟ್ರದಿಂದ ಮರಳಿದವರಾಗಿದ್ದುದು ನಿಜ. ಅಷ್ಟರಿಂದಲೇ, ಬ್ರಹ್ಮಕಲಶಕ್ಕೆ ಹಣ ಕಳಿಸಿದಾಗ ‘ನಮ್ಮ ಮುಂಬಯಿಯವರು’ ಆಗಿದ್ದವರು ಒಂದೇ ವಾರದಲ್ಲಿ ಬರಿಯ ‘ಮುಂಬಯಿಯವರು’ ಆದರು. ನನ್ನ ತಮ್ಮನ ಮಗನು ಶಾಲೆಯ ಕಟ್ಟಡದಲ್ಲಿ ಹದಿನಾಲ್ಕು ದಿನ ಪ್ರತ್ಯೇಕವಾಗಿದ್ದು ಮನೆಗೆ ಹೋದ ಮೇಲೆಯೂ ಓಣಿಯವರು ಅವನ ಮನೆಯ ಬಾವಿಯ ಕಡೆಗೆ ಸುಳಿಯಲಿಲ್ಲ. ನಾನು ಅವರನ್ನು ದೂರುವುದಿಲ್ಲ. ಭಯ ಎಲ್ಲರಿಗೂ ಇದ್ದಿತು. ಆದರೆ ಊರಿನ ಪ್ರತಿಯೊಂದು ಸುದ್ದಿಯನ್ನೂ ಬಲ್ಲ ನಮಗೆ, ಊರು ನಮ್ಮ ಸುದ್ದಿಯನ್ನು ಎಷ್ಟು ಬಲ್ಲದು ಎಂಬುದು ಅಂದು ಗೊತ್ತಾಯಿತು. ನಾವು ಇಲ್ಲಿ ಹೇಗೆ ಬದುಕುತ್ತೇವೆಂದು ಊರಿಗೆ ನಾವೇ ಹೇಳಿರಲಿಲ್ಲ. ರಜೆಗೆ ಹೋದಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅತ್ತರು ಹಚ್ಚಿ, ಆಟಕ್ಕೆ ವಂತಿಗೆ ಕೊಟ್ಟು ಬಂದವರು ನಾವು.

ಇನ್ನು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ರಾತ್ರಿಶಾಲೆಯಲ್ಲಿ ಓದಿ, ಮ್ಯಾಟ್ರಿಕ್ ಮುಗಿಸಿ ನಾನು ಒಂದು ಕಚೇರಿಯಲ್ಲಿ ಗುಮಾಸ್ತನಾದೆನು. ವೇತನದ ಪಟ್ಟಿ, ಭವಿಷ್ಯನಿಧಿಯ ಕಾಗದಗಳು ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತಿದ್ದುವು. ಕಚೇರಿಯ ಬಳಿಯ ಒಂದು ಹೋಟೆಲಿನಲ್ಲಿ ಹನ್ನೊಂದು ವರ್ಷ ಒಬ್ಬರೇ ಭಟ್ಟರ ಕೈಯ ದೋಸೆಯನ್ನು ತಿಂದೆನು. ಕೆಲಸ ಹಗುರವಾದ ಹೊತ್ತಿಗೆ ಅವರು ಹೊರಗೆ ಬಂದು ನನ್ನ ಎದುರು ಕುಳಿತುಕೊಳ್ಳುವರು. ದಿನವೂ ಮಾತು. ಅಡಕೆಯ ಧಾರಣೆ, ಮಳೆಗಾಲದಲ್ಲಿ ಮುಂಬಯಿಗೆ ಬಂದ ಮೇಳದ ಹಾಸ್ಯಗಾರ, ಊರಿನ ಪಂಚಾಯಿತಿಯ ಚುನಾವಣೆ. ಹನ್ನೊಂದು ವರ್ಷ ನಾವು ಮಾತಾಡಿದುದನ್ನೆಲ್ಲ ಬರೆದಿಟ್ಟಿದ್ದರೆ ಒಂದು ಮಹಾಭಾರತವೇ ಆಗುತ್ತಿತ್ತು.

ಅವರಿಗೆ ಐವತ್ತೆಂಟು ತುಂಬಿದ ಮೇಲೆ ಒಂದು ದಿನ, “ರಾಯರೇ, ನನಗೂ ಪೆನ್ಶನ್ ಅಂತ ಎಂತಾದರೂ ಬರ್ತದಾ?” ಎಂದು ಕೇಳಿದರು. ನಾನು ಕಾಗದಗಳನ್ನು ತರಿಸಿ ನೋಡಿದೆನು. ಇಪ್ಪತ್ತಾರು ವರ್ಷಗಳಲ್ಲಿ ಐದು ಹೋಟೆಲುಗಳು. ಪ್ರತಿ ಹೋಟೆಲನ್ನು ಬಿಡುವಾಗಲೂ, ಊರಿಗೆ ಹೋಗುವ ಖರ್ಚಿಗೆಂದು, ಭವಿಷ್ಯನಿಧಿಯ ಹಣವನ್ನೂ ಅದರ ಜೊತೆಗಿನ ಪಿಂಚಣಿಯ ಪಾಲನ್ನೂ ಒಟ್ಟಾಗಿ ತೆಗೆದುಬಿಟ್ಟಿದ್ದರು. ಪಿಂಚಣಿ ಬರಬೇಕಾದರೆ ಹತ್ತು ವರ್ಷದ ಸೇವೆ ಲೆಕ್ಕಕ್ಕೆ ಸಿಗಬೇಕು. ಧಣಿಗಳು ತುಂಬುವ ಪಾಲಿನಲ್ಲಿ ಒಂದು ಅಂಶ ಪಿಂಚಣಿಗೆ ಹೋಗುವ ಯೋಜನೆ 1995ರಿಂದ ಇದೆ. ಕೆಲಸ ಬದಲಿಸಿದಾಗ ಆ ಪಾಲನ್ನು ತೆಗೆಯದೆ ಮುಂದಿನ ಕೆಲಸಕ್ಕೆ ಕೂಡಿಸಿಕೊಂಡು ಹೋದರೆ ವರ್ಷಗಳು ಸೇರುತ್ತ ಹೋಗುತ್ತವೆ. ತೆಗೆದರೆ ಆ ವರ್ಷಗಳು ಅಳಿಸಿಹೋಗುತ್ತವೆ. ಭಟ್ಟರದು ಐದು ಬಾರಿ ಅಳಿಸಿಹೋಗಿದ್ದಿತು. ಒಂದೊಂದು ತುಂಡೂ ಹತ್ತಕ್ಕೆ ಕಡಿಮೆ.

ನಾನು ಅವರಿಗೆ ಇದನ್ನು ತಿಳಿಸಿದಾಗ ಅವರು ಸಿಟ್ಟಾಗಲಿಲ್ಲ. “ಹೌದಾ? ಮೊದಲೇ ಗೊತ್ತಿದ್ದರೆ ಒಳ್ಳೆದಿತ್ತು” ಎಂದಷ್ಟೇ ಹೇಳಿ ಒಳಗೆ ಹೋದರು. ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆ ಸಂಗತಿ ನನಗೆ ಹನ್ನೊಂದು ವರ್ಷವೂ ಗೊತ್ತಿದ್ದಿತು. ಅದು ಕಚೇರಿಯ ವಿಷಯ, ಹೋಟೆಲಿನ ಮೇಜಿನ ಮೇಲೆ ಆಡತಕ್ಕ ಮಾತಲ್ಲ ಎಂದು ನಾನು ಎಂದೂ ಯೋಚಿಸಿರಲಿಲ್ಲ. ಯೋಚಿಸಲೇ ಇಲ್ಲ, ಅದೇ ದೋಷ. ಮಾತಿಗೆ ಕುಳಿತೊಡನೆ ನಾವಿಬ್ಬರೂ ಊರಿಗೆ ಹೋಗಿಬಿಡುತ್ತಿದ್ದೆವು.

ನಮ್ಮ ಸುದ್ದಿಯ ಮಾತಿನ ದೊಡ್ಡ ಕೊರತೆ ಇದು. ಊರಿನ ಸುದ್ದಿಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆ ಡಿಕ್ಲರೇಶನ್ನಿನ ಕಥೆಯನ್ನು ಹೇಳಿದ ಮೇಲೆ ಹಾಗೆ ಹೇಳುವ ಅಧಿಕಾರವೂ ನನಗಿಲ್ಲ. ಆದರೆ ನಾವು ಉಣ್ಣುವ, ಮಲಗುವ, ಕಾಯಿಲೆ ಬೀಳುವ ಈ ಊರಿನ ಸುದ್ದಿ ನಮ್ಮ ಮಾತಿನೊಳಕ್ಕೆ ಯಾವಾಗ ಬರುವುದು? ಒಂದು ಉದಾಹರಣೆಯನ್ನು ಕೊಡುತ್ತೇನೆ. ಮುಂಬಯಿ ಮಹಾನಗರಪಾಲಿಕೆಗೆ 2017ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. ಐದು ವರ್ಷದ ಅವಧಿ 2022ರ ಮಾರ್ಚಿನಲ್ಲಿ ಮುಗಿಯಿತು. ಅಲ್ಲಿಂದ ಮುಂದೆ ಮೂರು ವರ್ಷಕ್ಕೂ ಹೆಚ್ಚು ಕಾಲ ಈ ಮಹಾನಗರಕ್ಕೆ ಚುನಾಯಿತ ಸದಸ್ಯನೆಂಬವನು ಒಬ್ಬನೂ ಇರಲಿಲ್ಲ. ಆಡಳಿತಾಧಿಕಾರಿಯೇ ಎಲ್ಲವನ್ನೂ ನಡೆಸಿದರು. ಊರಿನ ಗ್ರಾಮ ಪಂಚಾಯಿತಿಯಲ್ಲಿ ಒಂದು ಸ್ಥಾನ ತೆರವಾದರೆ ಯಾರು ನಿಲ್ಲುತ್ತಾರೆಂದು ವಾರಗಟ್ಟಲೆ ಚರ್ಚಿಸುವ ನಾವು, ಇಲ್ಲಿ ಇನ್ನೂರಿಪ್ಪತ್ತೇಳು ಸ್ಥಾನಗಳೂ ತೆರವಾಗಿದ್ದಾಗ ಒಂದು ಮಾತನ್ನಾದರೂ ಆಡಿದೆವೇ? ಚರಂಡಿ ಕಟ್ಟಿದರೆ, ನಲ್ಲಿಯಲ್ಲಿ ನೀರು ನಿಂತರೆ ಯಾರನ್ನು ಕೇಳಬೇಕೆಂದು ಎಷ್ಟು ಮಂದಿಗೆ ಗೊತ್ತಿದ್ದಿತು?

ಮತದ ವಿಷಯವೂ ಹೀಗೆಯೇ. ಹೆಸರು ಒಂದೇ ಕಡೆ ಇರಬೇಕೆಂಬುದು ಕಾಯಿದೆ. ನಮ್ಮವರಲ್ಲಿ ಬಹುಮಂದಿಯ ಹೆಸರು ಊರಿನ ಪಟ್ಟಿಯಲ್ಲಿದೆ. ಬಸ್ಸು ಮಾಡಿಕೊಂಡು ಹೋಗಿ ಮತ ಹಾಕಿ ಬರುವವರೂ ಉಂಟು. ಅದು ಅವರವರ ಇಷ್ಟ. ಆದರೆ ಮೂವತ್ತು ವರ್ಷ ಇಲ್ಲಿಯೇ ಇದ್ದು, ಮಕ್ಕಳೂ ಇಲ್ಲಿಯೇ ಹುಟ್ಟಿ, ಹೆಸರು ಮಾತ್ರ ಅಲ್ಲಿ ಎಂದರೆ, ಇಲ್ಲಿಯವನು ನಮ್ಮ ಬಾಗಿಲಿಗೆ ಏಕೆ ಬರಬೇಕು? ಇನ್ನು ರೇಶನ್. ‘ಒಂದು ದೇಶ, ಒಂದು ರೇಶನ್ ಕಾರ್ಡು’ ಎಂಬ ವ್ಯವಸ್ಥೆ 2019ರಲ್ಲಿ ಮೊದಲಾಗಿ 2022ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿತು. ಆಹಾರ ಭದ್ರತಾ ಕಾಯಿದೆಯ ಕೆಳಗಿನ ಕಾರ್ಡು ಊರಿನಲ್ಲಿದ್ದರೂ, ಆಧಾರ ಜೋಡಣೆಯಾಗಿದ್ದರೆ, ತನ್ನ ಪಾಲಿನ ಧಾನ್ಯವನ್ನು ಇಲ್ಲಿ ಪಡೆದು ಉಳಿದುದನ್ನು ಮನೆಯವರು ಅಲ್ಲಿ ಪಡೆಯಬಹುದು. ಚಾಳಿನಲ್ಲಿ ಕೋಣೆ ಹಿಡಿದು ಅಡಿಗೆ ಮಾಡಿಕೊಳ್ಳುವ ಎಷ್ಟು ಮಂದಿಗೆ ಇದು ತಿಳಿದಿದೆಯೆಂದು ನಿಮ್ಮ ನೆರೆಹೊರೆಯಲ್ಲಿ ವಿಚಾರಿಸಿ ನೋಡಿರಿ.

ಮಕ್ಕಳ ಶಾಲೆಯ ವಿಷಯವನ್ನು ಇಲ್ಲಿ ವಿಸ್ತರಿಸಲಾರೆ. ಅದಕ್ಕೇ ಬೇರೆ ಲೇಖನ ಬೇಕು. ಮುಂಬಯಿಯ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತ ಬಂದಿರುವ ಸಂಸ್ಥೆ, ಅವುಗಳಲ್ಲಿ ಕನ್ನಡವೂ ಒಂದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯವನ್ನು ಒದಗಿಸಬೇಕೆಂಬ 350ಎ ವಿಧಿ 1956ರಲ್ಲಿಯೇ ಸಂವಿಧಾನವನ್ನು ಸೇರಿತು. ವಿಧಿ ಇದೆ, ಶಾಲೆ ಇದೆ, ಮಕ್ಕಳನ್ನು ಕಳಿಸುವವರು ನಾವೇ ಕಡಿಮೆಯಾದೆವು. ನನ್ನ ಮೊಮ್ಮಗಳು ಈ ಲೇಖನವನ್ನು ಓದಲಾರಳು. ಓದಿ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾಳೆ. ಹಾಗೆಂದೇ ಗಟ್ಟಿಯಾಗಿ ಓದುವ ಹಳೆಯ ಪದ್ಧತಿ ನನ್ನ ಮನೆಯಲ್ಲಿ ಬೇರೊಂದು ಕಾರಣದಿಂದ ಮತ್ತೆ ಬಂದಿದೆ.

ಮತ್ತೊಂದು ಸಂಗತಿ. ‘ಉಡುಪಿ’ ಎಂದು ಫಲಕವಿರುವ ಹೋಟೆಲಿನ ಒಳಗೆ ಈಗ ಹೋದರೆ ಕಲ್ಲಿನ ಮೇಲೆ ದೋಸೆ ಹುಯ್ಯುವವನು ಒಡಿಶಾದವನಾಗಿರಬಹುದು, ಪಾತ್ರೆ ತೊಳೆಯುವವನು ಬಿಹಾರದವನು, ಚಹ ಕೊಡುವವನು ನೇಪಾಳದವನು. ನಮ್ಮ ಹುಡುಗರು ಓದಿ ಬೇರೆ ಕೆಲಸಗಳಿಗೆ ಹೋದುದರ ಫಲವಿದು. ಇದರಲ್ಲಿ ದುಃಖಿಸುವುದೇನೂ ಇಲ್ಲ. ಆದರೆ ಅಟ್ಟದ ಮೇಲಿನ ಮಾತು ಇವರನ್ನು ಬಿಟ್ಟು ನಡೆಯಲಾರದು. 1969ರಲ್ಲಿ ನಾನು ಹೇಗೆ ಊರ ಸುದ್ದಿಗೆ ಬಾಯಿಬಿಡುತ್ತಿದ್ದೆನೋ ಇಂದು ಆ ಒಡಿಶಾದ ಹುಡುಗನೂ ಹಾಗೆಯೇ ತನ್ನ ಊರಿನ ಮಳೆಗಾಗಿ ಮೊಬೈಲಿನಲ್ಲಿ ಕಣ್ಣಿಟ್ಟಿದ್ದಾನೆ. ಭವಿಷ್ಯನಿಧಿಯ ವಿಷಯ ನಮ್ಮ ಭಟ್ಟರಿಗೆ ಎಷ್ಟು ಬೇಕಾಗಿದ್ದಿತೋ ಅವನಿಗೂ ಅಷ್ಟೇ ಬೇಕು.

ಗಡಿಯ ತಂಟೆ ಎದ್ದಾಗಲಂತೂ ಈ ಮಾತು ಇನ್ನೂ ಮುಖ್ಯ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ಕೆಲವು ವರ್ಷ ದಕ್ಷಿಣದವರ ಹೋಟೆಲುಗಳ ಮೇಲೆ ಕಲ್ಲು ಬಿದ್ದುದನ್ನು ಹಿರಿಯರು ಮರೆತಿಲ್ಲ. ನಾನು ಸೇರಿದ ಹೋಟೆಲಿನ ಗಾಜಿನ ಕಪಾಟಿಗೆ ಆಗ ಹಲಗೆ ಹೊಡೆದಿದ್ದರು. 2022ರ ಡಿಸೆಂಬರಿನಲ್ಲಿ ಬೆಳಗಾವಿಯ ಬಳಿ ಮಹಾರಾಷ್ಟ್ರದ ವಾಹನಗಳಿಗೆ ಕಲ್ಲು ಬಿದ್ದು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದಾಗ, ಎರಡೂ ಕಡೆಯ ಚಿತ್ರಗಳು ನಿಮಿಷ ನಿಮಿಷಕ್ಕೂ ಹರಿದಾಡಿದುವು. ಅಂದು ನಮ್ಮ ಓಣಿಯ ಹಾಲಿನ ಅಂಗಡಿಯ ಮರಾಠಿ ಗೃಹಸ್ಥರು ನನ್ನನ್ನು ಕರೆದು, ತಮ್ಮ ಮೊಬೈಲಿನಲ್ಲಿದ್ದ ಚಿತ್ರವನ್ನು ತೋರಿಸಿ, “ಕಾಕಾ, ಇದು ನಿಜವೇ?” ಎಂದು ಕೇಳಿದರು. ನಾನು ನನ್ನದರಲ್ಲಿದ್ದುದನ್ನು ತೋರಿಸಿದೆನು. ಇಬ್ಬರೂ ಚಹ ಕುಡಿದೆವು. ಮರುದಿನ ಎರಡು ಭಾಷೆಯ ಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಇಬ್ಬರ ಚಿತ್ರಗಳಲ್ಲಿಯೂ ಒಂದಿಷ್ಟು ನಿಜ, ಒಂದಿಷ್ಟು ಸುಳ್ಳು. ಕನ್ನಡಿಗರು ಮರಾಠಿಯನ್ನು ಓದಲು ಕಲಿಯಬೇಕೆಂದು ನಾನು ಹೇಳುವುದು ಯಾರನ್ನೋ ಮೆಚ್ಚಿಸಲಿಕ್ಕಲ್ಲ. ನೆರೆಯವನ ಮನೆಗೆ ಯಾವ ಸುದ್ದಿ ಹೋಗಿದೆಯೆಂದು ತಿಳಿಯುವುದಕ್ಕಾಗಿ.

ಸಂಘ ಸಂಸ್ಥೆಗಳಿಗೆ ನಮ್ಮಲ್ಲಿ ಬರಗಾಲವಿಲ್ಲ. ಒಂದೊಂದು ಜಾತಿಗೂ ಸಂಘವುಂಟು, ಸಭಾಗೃಹವುಂಟು, ವಾರ್ಷಿಕೋತ್ಸವವುಂಟು. ಅವುಗಳು ಎಷ್ಟು ಬಡ ಹುಡುಗರಿಗೆ ವಿದ್ಯೆ ಕೊಟ್ಟುವೆಂಬುದಕ್ಕೆ ರಾತ್ರಿಶಾಲೆಯ ಋಣದಲ್ಲಿರುವ ನಾನೇ ಸಾಕ್ಷಿ. ಆದರೆ ಈಚೆಗೆ ವರದಿಗಳಲ್ಲಿ ಕಾಣುವುದು ಹೆಚ್ಚಾಗಿ ಶಾಲು, ಪೇಟ, ಫಲಪುಷ್ಪ. ಸನ್ಮಾನಿತರನ್ನು ಸನ್ಮಾನಿಸಿದವರು ಮುಂದಿನ ತಿಂಗಳು ಸನ್ಮಾನಿತರಾಗುತ್ತಾರೆ. ನನಗೂ ಒಂದು ಶಾಲು ಬಂದಿದೆ, ಆದುದರಿಂದ ಹೆಚ್ಚು ಮಾತಾಡಲಾರೆ. ನನ್ನ ಕೋರಿಕೆ ಇಷ್ಟೇ: ಆ ಸಭೆಗಳಲ್ಲಿ ಸ್ವಾಗತಗೀತೆಗೂ ಸನ್ಮಾನಕ್ಕೂ ನಡುವೆ ಕಾಲು ಗಂಟೆಯನ್ನು ತೆಗೆದಿಟ್ಟು, ಯಾವುದಾದರೂ ಒಂದು ಕಾಯಿದೆಯನ್ನೋ ಅರ್ಜಿಯನ್ನೋ ಬಲ್ಲವರೊಬ್ಬರಿಂದ ಬಿಡಿಸಿ ಹೇಳಿಸಿರಿ. ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದ ಗುಮಾಸ್ತರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ಅವರು ಮಾಡಬೇಕಾದ ಅರ್ಥಗಾರಿಕೆ ಇದು. ಪ್ರಶ್ನೆ ಕೇಳುವವನನ್ನು ಮಾತ್ರ ಕುಳ್ಳಿರಿಸಬೇಡಿರಿ.

ಕಳೆದ ತಿಂಗಳಿನಿಂದ ನಾನು ವಾರಕ್ಕೊಮ್ಮೆ, ಸೋಮವಾರ ಮಧ್ಯಾಹ್ನ ಮೂರೂವರೆಗೆ, ಪರಿಚಯದ ಒಂದು ಹೋಟೆಲಿನ ಅಟ್ಟಕ್ಕೆ ಪತ್ರಿಕೆಯನ್ನು ಹಿಡಿದುಕೊಂಡು ಹೋಗುತ್ತಿದ್ದೇನೆ. ಧಣಿಗಳು ಅಡ್ಡಿ ಮಾಡಲಿಲ್ಲ. ಮೊದಲ ವಾರ ಮೂವರು ಕುಳಿತರು, ಇಬ್ಬರು ನಿದ್ರೆ ಹೋದರು. ಎರಡನೆಯ ವಾರ ಊರಿನ ಮಳೆಯ ಸುದ್ದಿಯನ್ನು ಓದಿದ ಮೇಲೆ ಭವಿಷ್ಯನಿಧಿಯ ವಿಷಯವನ್ನು ಹಿಂದಿಯಲ್ಲಿಯೂ ಹೇಳಿದೆನು. 2014ರಿಂದ ಪ್ರತಿ ಸದಸ್ಯನಿಗೆ ಒಂದೇ ಶಾಶ್ವತ ಸಂಖ್ಯೆ ಇರುವುದೆಂದೂ, ಹೋಟೆಲು ಬದಲಿಸಿದರೂ ಅದು ಬದಲಾಗದೆಂದೂ ಹೇಳಿದಾಗ ಮಲಗಿದ್ದವರಲ್ಲಿ ಒಬ್ಬನು ಎದ್ದು ಕುಳಿತನು. ಮೊನ್ನೆಯ ಸೋಮವಾರ ಪಾತ್ರೆ ತೊಳೆಯುವ ಹುಡುಗನು, “ನಮ್ಮ ಹೋಟೆಲಿನಲ್ಲಿ ಪಟ್ಟಿಗೆ ಹತ್ತಿದವರು ಎಷ್ಟು ಮಂದಿ? ನನ್ನ ಹೆಸರು ಉಂಟೇ?” ಎಂದು ಹಿಂದಿಯಲ್ಲಿ ಕೇಳಿದನು. ಇಪ್ಪತ್ತು ಮಂದಿಯಾದರೆ ಕಾಯಿದೆ ಅನ್ವಯಿಸುತ್ತದೆಂದು ನಾನು ಆಗತಾನೆ ಹೇಳಿ ಮುಗಿಸಿದ್ದೆನು. ಯಾರೂ ಉತ್ತರ ಕೊಡಲಿಲ್ಲ. ಗಲ್ಲಾದಲ್ಲಿ ಕೂರುವವರು ಮೆಟ್ಟಲಿನ ಮೇಲೆ ನಿಂತು ಕೇಳುತ್ತಿದ್ದರು. ಸ್ವಲ್ಪ ಹೊತ್ತು ಕಳೆದ ಮೇಲೆ ಅವರೇ ಬೆರಳು ಮಡಿಚಿ ಎಣಿಸತೊಡಗಿದರು. ಹದಿನೆಂಟಕ್ಕೆ ನಿಂತು, ರಾತ್ರಿಯ ಪಾಳಿಯವರನ್ನು ಸೇರಿಸಬೇಕೋ ಬೇಡವೋ ಎಂದು ನನ್ನ ಮುಖ ನೋಡಿದರು. ಸೇರಿಸಬೇಕೆಂದೆನು. ಧಣಿಗಳನ್ನು ಕೇಳಿ ಮುಂದಿನ ಸೋಮವಾರ ಹೇಳುವುದಾಗಿ ಅವರು ಒಪ್ಪಿಕೊಂಡರು. ಅಷ್ಟರಲ್ಲಿ ಕೆಳಗಿನಿಂದ ಚಹದ ನೀರು ಕುದಿಯಿತೆಂದು ಕೂಗು ಬಂದಿತು.